ಕೆಂಪಿನಲ್ಲಿಲ್ಲದ ಡಿಎನ್‌ಎ

ಅಜ್ಜನ ಮುಂಗೋಪ ಮೊಮ್ಮಗನಲ್ಲಿ ಕಂಡರೆ 'ರಕ್ತದಲ್ಲೇ ಬಂದಿದೆ ಬಿಡಿ' ಅನ್ನುತ್ತೇವೆ. ತಮಾಷೆಯೆಂದರೆ, ರಕ್ತಕ್ಕೆ ಕೆಂಪು ಬಣ್ಣ ಕೊಟ್ಟ ಕಣಗಳಲ್ಲಿ ವಂಶದ ಒಂದಕ್ಷರವೂ ಇಲ್ಲ.

ಆ ಅಕ್ಷರಗಳನ್ನು ಹೊತ್ತ ಡಿಎನ್‌ಎ ಮುಖ್ಯವಾಗಿ ಇರುವುದು ಜೀವಕೋಶದ ಒಳಗಿನ ಕೋಶಕೇಂದ್ರದಲ್ಲಿ. ಒಂದೊಂದು ಕೋಶದ್ದನ್ನೂ ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್. ಯಕೃತ್ತು, ಸ್ನಾಯು, ಮಿದುಳು, ಎಂಜಲಿನಲ್ಲಿ ತೇಲುವ ಕೆನ್ನೆಯ ಒಳಪದರದ ಚೂರು, ಎಲ್ಲೆಲ್ಲೂ ಅದು ಉಂಟು. ಕೆಂಪು ರಕ್ತಕಣವೂ ಮೂಳೆಯ ಮಜ್ಜೆಯಲ್ಲಿ ಬೆಳೆಯುವಾಗ ಕೇಂದ್ರವನ್ನು ಇಟ್ಟುಕೊಂಡೇ ಬೆಳೆಯುತ್ತದೆ. ಬಲಿಯುತ್ತಾ ಬಂದಂತೆ ಅದನ್ನು ಹೊರಕ್ಕೆ ಉಗುಳಿಬಿಡುತ್ತದೆ. ತೆರವಾದ ಜಾಗದ ತುಂಬ ಹಿಮೋಗ್ಲೋಬಿನ್; ಮೈ ಮಡಚಿ ಸಣ್ಣ ನಾಳಗಳಲ್ಲಿ ನುಸುಳುವುದೂ ಸಲೀಸು. ಆದರೆ ಸವೆದದ್ದನ್ನು ಸರಿಮಾಡಿಕೊಳ್ಳುವ ದಾರಿ ಇಲ್ಲದೆ ಸುಮಾರು 120 ದಿನಕ್ಕೆ ಅದರ ಆಯುಸ್ಸು ಮುಗಿಯುತ್ತದೆ. (ಕೋಳಿಯ ಕೆಂಪು ಕಣ ಹಾಗಲ್ಲ, ಕೇಂದ್ರವನ್ನು ಕೊನೆಯವರೆಗೂ ಬಿಡುವುದಿಲ್ಲ.) ನಮ್ಮ ಮೈಯ ಜೀವಕೋಶಗಳನ್ನು ತಲೆ ಎಣಿಸಿದರೆ ನೂರಕ್ಕೆ 80ಕ್ಕೂ ಹೆಚ್ಚು ಈ ಕೆಂಪು ಕಣಗಳೇ. ಅಂದಮೇಲೆ ಲೆಕ್ಕದಲ್ಲಿ ನಮ್ಮ ಬಹುಪಾಲು ಕೋಶಗಳು ಡಿಎನ್‌ಎ ಇಲ್ಲದವು!

ಮತ್ತೆ ಪೊಲೀಸರು ರಕ್ತದ ಕಲೆಯಿಂದ ಆಳನ್ನು ಗುರುತಿಸುವುದು ಹೇಗೆ? ಬಿಳಿ ರಕ್ತಕಣಗಳಿಂದ. ನೂರಾರು ಕೆಂಪು ಕಣಗಳ ನಡುವೆ ಎಲ್ಲೋ ಒಂದು ಬಿಳಿಯದು ಇರುತ್ತದೆ, ಕೇಂದ್ರಸಮೇತ. ಡಿಎನ್‌ಎ ಮೊದಲು ಮನುಷ್ಯನ ಕೈಗೆ ಸಿಕ್ಕಿದ್ದೂ ಇವುಗಳಿಂದಲೇ. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಫ್ರೀಡ್ರಿಶ್ ಮೀಶರ್ ಆಸ್ಪತ್ರೆಯಿಂದ ಕೀವಿನ ಬ್ಯಾಂಡೇಜುಗಳನ್ನು ತರಿಸಿ ತೊಳೆಯುತ್ತಿದ್ದ. ಪ್ರಯೋಗಶಾಲೆ ಎಂದರೆ ಹಳೆಯ ಕೋಟೆಯ ಅಡುಗೆಮನೆ. ಕೀವಿನಲ್ಲಿ ಬಿಳಿ ಕಣಗಳದ್ದೇ ರಾಶಿ. ಅವುಗಳ ಕೇಂದ್ರದಿಂದ ರಂಜಕ ಹೆಚ್ಚಾಗಿದ್ದ ವಸ್ತುವೊಂದು ಹೊರಬಂತು. 'ನ್ಯೂಕ್ಲೀನ್' ಎಂದು ಹೆಸರಿಟ್ಟ. ಅಸಹ್ಯಪಟ್ಟುಕೊಂಡಿದ್ದರೆ ಆ ಹೆಸರು ಬೇರೆಯವರ ಪಾಲಾಗುತ್ತಿತ್ತು.

ಕೋಶಕೇಂದ್ರದ ಹೊರಗೂ ಸ್ವಲ್ಪ ಡಿಎನ್‌ಎ ಇದೆ, ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳಲ್ಲಿ. 16,569 ಅಕ್ಷರಜೋಡಿಗಳಷ್ಟರ ಪುಟ್ಟ ಉಂಗುರ, ತಾಯಿಯ ಕಡೆಯಿಂದ ಬಂದದ್ದು. ಬೇರಿಲ್ಲದ ಕೂದಲೆಳೆ ಸಿಕ್ಕಾಗ ಪರೀಕ್ಷಕರು ಹೆಚ್ಚಾಗಿ ನೆಚ್ಚುವುದು ಇದನ್ನೇ.

ರಕ್ತದ ಕಣಗಳನ್ನೆಲ್ಲ ತೆಗೆದ ಮೇಲೆ ಉಳಿಯುವ ಹಳದಿ ನೀರು ಪ್ಲಾಸ್ಮಾ. ಸತ್ತ ಕೋಶಗಳಿಂದ ಕಳಚಿದ ಡಿಎನ್‌ಎ ತುಣುಕುಗಳು ಅದರಲ್ಲೂ ತೇಲುತ್ತವೆ. 1997ರಲ್ಲಿ ವಿಜ್ಞಾನಿ ಡೆನ್ನಿಸ್ ಲೋ ಮತ್ತು ಸಂಗಡಿಗರು ಗಂಡುಮಗುವನ್ನು ಹೊತ್ತ ತಾಯಂದಿರ ಪ್ಲಾಸ್ಮಾದಲ್ಲಿ ವೈ ಕ್ರೋಮೋಸೋಮಿನ ತುಣುಕುಗಳನ್ನು ಕಂಡರು. ಹೆಂಗಸಿನ ರಕ್ತದಲ್ಲಿ ಗಂಡಿನ ಗುರುತು! ಈಗ ಬಸಿರಿನ ಹತ್ತನೇ ವಾರದ ಹೊತ್ತಿಗೇ ತಾಯಿಯ ತೋಳಿನಿಂದ ರಕ್ತ ತೆಗೆದು, ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವವೆಷ್ಟು ಎಂದು ನೋಡುತ್ತಾರೆ. ಆ ತುಣುಕುಗಳು ಬರುವುದು ಬಹುತೇಕ ಮಾಸಿನಿಂದ. ಹೆರಿಗೆಯಾಗಿ ಒಂದೆರಡು ದಿನದೊಳಗೆ ತಾಯಿಯ ರಕ್ತದಿಂದ ಕರಗಿಹೋಗುತ್ತವೆ.