ಬೇಡ ಎಂದ ಮೇಲೆ ಏನು ಬೇಕು?

ದಲಿತ ಚಳವಳಿಯ ಮನೆಗಳಲ್ಲಿ ಬೆಳೆದ ನನ್ನ ತಲೆಮಾರಿನ ಅನೇಕರಿಗೆ ನಾಸ್ತಿಕತೆ ಎನ್ನುವುದು ಹೋರಾಡಿ ಪಡೆದದ್ದಲ್ಲ. ಹಿರಿಯರಿಂದ ಬಂದ ಆಸ್ತಿ. ನಮ್ಮಪ್ಪ ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತ. ಮನೆಯ ಗೋಡೆಯ ಮೇಲೆ ಅಂಬೇಡ್ಕರ್ ಪಟ ಬಿಟ್ಟರೆ ಇನ್ನೊಂದು ಪಟವಿರಲಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಇರುತ್ತಿತ್ತು, ಪೂಜೆ ಇರುತ್ತಿರಲಿಲ್ಲ. ನಿಮ್ಮ ಮನೆದೇವರು ಯಾರು ಅಂತ ಯಾರಾದರೂ ಕೇಳಿದರೆ ‘ನಮಗೆ ದೇವರಿಲ್ಲ’ ಅಂತ ತಟ್ಟನೆ ಹೇಳುವುದು ನನಗೆ ಅಭ್ಯಾಸವಾಗಿತ್ತು. ಆದರೆ ಆಸ್ತಿ ಪಡೆದವರಿಗೆ ಅದನ್ನು ಸಂಪಾದಿಸಿದವರ ಬೆವರಿನ ಲೆಕ್ಕ ತಿಳಿದಿರುವುದಿಲ್ಲ. ಹೀಗೆ ಬೆಳೆದವರು ಮುಂದೆ ತಮ್ಮದೇ ನಂಬಿಕೆಯೊಂದನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ನನ್ನ ಮಟ್ಟಿಗೆ ವಿವರಿಸಲು ಯತ್ನಿಸುತ್ತೇನೆ.

ಮೊದಲು ಆ ‘ಬೇಡ’ದ ಹಿಂದಿನ ಕಾರಣ. ಅಪ್ಪನ ತಲೆಮಾರಿನ ನಾಸ್ತಿಕತೆ ದೇವರಿದ್ದಾನೋ ಇಲ್ಲವೋ ಎಂಬ ತತ್ವಶಾಸ್ತ್ರದ ಚರ್ಚೆಯಿಂದ ಹುಟ್ಟಲಿಲ್ಲ. ಗುಡಿಯ ಹೊರಗೆ ನಿಂತವರ ಸಿಟ್ಟಿನಿಂದ ಹುಟ್ಟಿತು. ನಮ್ಮ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯಲು ಕರ್ನಾಟಕದಲ್ಲಿ 1982ರಲ್ಲಿ ಕಾಯ್ದೆಯೇ ಬರಬೇಕಾಯಿತು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಹಲ್ಲೆ ಮಾಡಿ ಅವರನ್ನೇ ಬೆತ್ತಲೆಗೊಳಿಸಿತು. ಇಂಥ ಕಾಲದಲ್ಲಿ ದೇವರನ್ನು ಬೇಡವೆನ್ನುವುದು ಸ್ವಾಭಿಮಾನದ ಮೊದಲ ಪಾಠವಾಗಿತ್ತು.

ಆದರೆ ಅಪ್ಪ ತೀರಿಕೊಂಡಾಗ ಬೇರೊಂದು ಪ್ರಶ್ನೆ ಎದುರಾಯಿತು. ತಿಥಿಗಿಥಿ ಮಾಡಬೇಡಿ ಅಂತ ಅಪ್ಪನೇ ಹೇಳಿದ್ದ, ನಾವು ಮಾಡಲಿಲ್ಲ. ಹನ್ನೊಂದನೇ ದಿನ ನೆಂಟರೆಲ್ಲ ಬಂದು ಸುಮ್ಮನೆ ಕೂತರು. ‘ಏನಾರ ಒಂದ್ ಮಾಡು ಮಗ, ಬರಿಗೈಲಿ ಕಳಿಸ್‌ಬಾರ್ದು’ ಅಂದಳು ಅಜ್ಜಿ. ಮಾಡಬಾರದ್ದು ಏನೇನು ಎಂಬ ಪಟ್ಟಿ ನನಗೆ ಬಾಯಿಪಾಠವಾಗಿತ್ತು. ಮಾಡಬಹುದಾದ್ದು ಏನು ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ಮಾತೂ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ನಾನು ಅಂಬೇಡ್ಕರರನ್ನು ಮತ್ತೆ ಓದಿದೆ. ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ಬೇಡ ಎಂದದ್ದಕ್ಕೂ ಬೇಕು ಎಂದದ್ದಕ್ಕೂ ನಡುವೆ ಇಪ್ಪತ್ತೊಂದು ವರ್ಷ! ಅಂದು ಅವರು ಬೋಧಿಸಿದ 22 ಪ್ರತಿಜ್ಞೆಗಳ ಜೋಡಣೆಯನ್ನು ಗಮನಿಸಿ. ಮೊದಲ ಎಂಟರಲ್ಲಿ ಹೆಚ್ಚಿನವು ನಿರಾಕರಣೆಗಳೇ: ತ್ರಿಮೂರ್ತಿಗಳು ಬೇಡ, ಅವತಾರ ಬೇಡ, ಶ್ರಾದ್ಧ-ಪಿಂಡ ಬೇಡ, ಬ್ರಾಹ್ಮಣರಿಂದ ವಿಧಿಗಳು ಬೇಡ. ಒಂಬತ್ತನೆಯದರಿಂದ ದನಿ ಬದಲಾಗುತ್ತದೆ. ಸಮಾನತೆ, ಅಷ್ಟಾಂಗ ಮಾರ್ಗ, ಜೀವಿಗಳ ಮೇಲೆ ಕರುಣೆ, ಸುಳ್ಳಾಡದಿರುವುದು ಬರುತ್ತವೆ. ಧರ್ಮದ ಮಟ್ಟಿಗೆ ನಮ್ಮ ಮನೆಯ ಮಾತು ಎಂಟನೆಯದಕ್ಕೇ ನಿಲ್ಲುತ್ತಿತ್ತು. ಸಮಾನತೆ ಚಳವಳಿಯ ವಿಷಯವಾಗಿತ್ತು, ನಿಜ. ದುಃಖದಲ್ಲಿ, ಒಂಟಿತನದಲ್ಲಿ ಮನುಷ್ಯ ಹೇಗಿರಬೇಕು ಎಂಬುದು ಯಾರ ವಿಷಯವೂ ಆಗಿರಲಿಲ್ಲ.

ಅವರ ‘ಬುದ್ಧ ಮತ್ತು ಆತನ ಧಮ್ಮ’ ಅವರು ತೀರಿಕೊಂಡ ಮೇಲೆ, 1957ರಲ್ಲಿ ಪ್ರಕಟವಾಯಿತು. ಸಿದ್ಧಾರ್ಥ ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಮನೆ ಬಿಟ್ಟ ಎಂಬ ಕತೆಯನ್ನು ಅಂಬೇಡ್ಕರ್ ಅಲ್ಲಿ ಒಪ್ಪುವುದಿಲ್ಲ. ಇಪ್ಪತ್ತೊಂಬತ್ತು ವರ್ಷದವನು ಅದುವರೆಗೆ ಇವನ್ನೆಲ್ಲ ಕಂಡೇ ಇರಲಿಲ್ಲವೇ ಎಂಬುದು ಅವರ ವಾದ. ಬದಲಿಗೆ ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧ ಹೂಡಲು ಹೊರಟಾಗ ಅದನ್ನು ವಿರೋಧಿಸಿ, ಸಂಘದ ಬಹುಮತಕ್ಕೆ ಸೋತು, ಹೊರಟುಹೋದ ಸಿದ್ಧಾರ್ಥನನ್ನು ಮುಂದಿಡುತ್ತಾರೆ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದವರಿಗೆ ನೀರಿನ ಜಗಳದಲ್ಲಿ ಬುದ್ಧ ಕಂಡದ್ದು ನನಗೆ ಸಹಜವಾಗಿಯೇ ತೋರುತ್ತದೆ. ಇಲ್ಲಿ ನಾನು ಕಲಿತದ್ದು ಒಂದು ವಿಧಾನ. ಪರಂಪರೆಯನ್ನು ಇಡಿಯಾಗಿ ನುಂಗಬೇಕಿಲ್ಲ, ಇಡಿಯಾಗಿ ಉಗುಳಬೇಕಾಗಿಯೂ ಇಲ್ಲ. ಸೋಸಿ ತೆಗೆದುಕೊಳ್ಳುವ ಹಕ್ಕು ನಮಗಿದೆ.

ಹಾಗಾದರೆ ಅಜ್ಜಿಯ ಮಾರಮ್ಮ? ನಿರಾಕರಣೆಯ ಭರದಲ್ಲಿ ದಲಿತರು ತಮ್ಮದೇ ಸಾಂಸ್ಕೃತಿಕ ನೆನಪುಗಳನ್ನು ಕಳೆದುಕೊಳ್ಳಬಾರದು ಎಂದು ಡಿ.ಆರ್. ನಾಗರಾಜ್ ವಾದಿಸಿದ್ದರು. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳನ್ನು ಕುರಿತು ಸಂಶೋಧನೆಯನ್ನೇ ಮಾಡಿದರು. ಇವರಿಬ್ಬರ ಜೊತೆ ಮಾತಾಡುತ್ತಲೇ ನಾನು ನನಗಾಗಿ ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ನಂಬಿಕೆ ನನ್ನನ್ನು ಇನ್ನೊಬ್ಬರ ಕಾಲ ಕೆಳಗೆ ಕೂರಿಸುತ್ತದೆಯೇ? ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತದೆಯೇ? ಸಾವಿನ ಮನೆಯಲ್ಲಿ ಆಡಲು ಒಂದು ಮಾತು ಕೊಡುತ್ತದೆಯೇ? ನಮ್ಮ ಕೇರಿಯ ಮಾರಮ್ಮ ಯಾರನ್ನೂ ಹೊರಗೆ ನಿಲ್ಲಿಸಿದವಳಲ್ಲ. ಅಜ್ಜಿ ಅವಳನ್ನು ಮುಖಕ್ಕೆ ಮುಖ ಕೊಟ್ಟು ಬೈಯುತ್ತಾಳೆ. ನಾನು ಅವಳಿಗೆ ಹರಕೆ ಹೊರುವುದಿಲ್ಲ, ಅಜ್ಜಿಯನ್ನು ಮೂಢಳೆಂದು ಕರೆಯುವುದೂ ಇಲ್ಲ. ನನ್ನ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿದ್ದು ಮಾತ್ರ ಧಮ್ಮದಲ್ಲಿ. ಅಪ್ಪನ ವರ್ಷದ ದಿನ ನಮ್ಮ ಮನೆಯಲ್ಲಿ ತ್ರಿಸರಣ, ಪಂಚಶೀಲ ಹೇಳಿ ಕೇರಿಗೆಲ್ಲ ಊಟ ಹಾಕಿದೆವು. ಪಾಳಿ ಅರ್ಥವಾಗದಿದ್ದರೂ ಅಜ್ಜಿ ಕೊನೆಯವರೆಗೂ ಕೈ ಮುಗಿದು ಕೂತಿದ್ದಳು.

ವಿದ್ಯಾರ್ಥಿಗಳು ಸ್ಟಾಫ್ ರೂಮಿಗೆ ಬಂದು ಮೆಲ್ಲಗೆ ಕೇಳುತ್ತಾರೆ: ‘ಮೇಡಂ, ಬೌದ್ಧ ಅಂತ ಬರೆಸಿದ್ರೆ ಮೀಸಲಾತಿ ಹೋಗುತ್ತಾ?’ ಪರಿಶಿಷ್ಟ ಜಾತಿಗಳ 1950ರ ಆದೇಶ ಮೊದಲು ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನು, 1990ರ ತಿದ್ದುಪಡಿಯಲ್ಲಿ ಬೌದ್ಧರನ್ನು ಅದರೊಳಕ್ಕೆ ತರಲಾಯಿತು. ಆದ್ದರಿಂದ ಬೌದ್ಧರಾದ ಮಾತ್ರಕ್ಕೆ ಪರಿಶಿಷ್ಟ ಜಾತಿಯ ಸ್ಥಾನ ಹೋಗುವುದಿಲ್ಲ. ಜಾತಿ ಬಿಡಲು ಹೊರಟವರು ಜಾತಿ ಪ್ರಮಾಣಪತ್ರ ಹಿಡಿದೇ ಹೊರಡಬೇಕಾದ ವಿಪರ್ಯಾಸ ಇದರಲ್ಲಿದೆ; ಆದರೆ ಭಯದಿಂದ ಹಿಂದೆ ಸರಿಯುವ ಕಾರಣ ಇಲ್ಲ.

ಚಳವಳಿಯ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೆ. ನಮ್ಮ ಅಧ್ಯಯನ ಶಿಬಿರಗಳಲ್ಲಿ ಮೊದಲ ಎಂಟು ಪ್ರತಿಜ್ಞೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಉಳಿದ ಹದಿನಾಲ್ಕಕ್ಕೂ ಒಂದು ಮಧ್ಯಾಹ್ನ ಕೊಡೋಣ. ಅಲ್ಲಿ ಹೆಂಗಸರು, ಮಕ್ಕಳು, ಮಾರಮ್ಮನನ್ನು ಬಿಡಲೊಲ್ಲದ ಅಜ್ಜಿಯರು ಕೂಡ ಇರಲಿ. ಅವರು ಕೇಳುವ ಪ್ರಶ್ನೆಗಳಿಂದಲೇ ಚರ್ಚೆ ಶುರುವಾಗಲಿ.