ಸೂಕ್ಷ್ಮತರಂಗಜನನದಲ್ಲಿ ‘ದಕ್ಷತೆ’ ಎಂಬ ಪದದ ಅರ್ಥವಿಚಾರ

ಕಳೆದ ಮಾಗಿಯಲ್ಲಿ ತೇರದಾಳದ ನಮ್ಮ ಮನೆಗೆ, ಯಂತ್ರವಿದ್ಯೆಯನ್ನು ಓದುತ್ತಿರುವ ಹುಡುಗನೊಬ್ಬನು ಬಂದು, ತಾನು ಕನ್ನಡಿಸುತ್ತಿದ್ದ ಪ್ರಕರಣದಲ್ಲಿ ‘ಎಫಿಶಿಯೆನ್ಸಿ’ ಎಂಬುದಕ್ಕೆ ‘ದಕ್ಷತೆ’ ಎಂದು ಬರೆಯಬಹುದೇ ಎಂದು ಕೇಳಿದನು. ಪ್ರಕರಣವು ಅರೆವಾಹಕ ಸಾಧನಗಳಿಂದ ಮೈಕ್ರೋವೇವ್ ಎಂಬ ಸೂಕ್ಷ್ಮತರಂಗಗಳನ್ನು ಹುಟ್ಟಿಸುವುದನ್ನು ಕುರಿತದ್ದು. ನಾನು ಅಭ್ಯಾಸಬಲದಿಂದ ಧಾತುಪಾಠವನ್ನು ನೆನೆದು, ‘ದಕ್ಷ’ ಧಾತುವಿಗೆ ವೃದ್ಧಿ, ಶೀಘ್ರತೆ ಎಂಬ ಅರ್ಥಗಳುಂಟಷ್ಟೆ. ಸಾಧನವು ಕಿರಿದಾದ ಸಂಕೇತವನ್ನು ವೃದ್ಧಿಗೊಳಿಸುವುದರಿಂದ ಪದವು ಅನ್ವರ್ಥವೇ ಆಗಿದೆ ಎಂದುಬಿಟ್ಟೆನು. ಪದವು ನಿಲ್ಲಬಹುದು, ನಾನು ಹೇಳಿದ ಕಾರಣವು ನಿಲ್ಲದು. ಇದೇ ಭ್ರಾಂತಿಯು ಪಾಠಪುಸ್ತಕಗಳಿಗೆ ಇಳಿದರೆ ವಿದ್ಯಾರ್ಥಿಯು ಲೆಕ್ಕದಲ್ಲಿಯೇ ತಪ್ಪುವನಾದುದರಿಂದ, ವಿಷಯವನ್ನು ವಿದ್ವಜ್ಜನರ ಮುಂದಿಡುತ್ತೇನೆ.

ಕೃಷ್ಣೆಯಿಂದ ಎತ್ತಿದ ನೀರೆಲ್ಲವೂ ಕಬ್ಬಿನ ಬುಡವನ್ನು ಮುಟ್ಟುವುದಿಲ್ಲ. ಕಾಲುವೆಯಲ್ಲಿ ಇಂಗುವುದು ಇಂಗಿ, ಉಳಿದುದು ಹೊಲಕ್ಕೆ ಸಲ್ಲುತ್ತದೆ. ಎತ್ತಿದುದಕ್ಕೂ ಸಂದುದಕ್ಕೂ ಇರುವ ಪ್ರಮಾಣವೇ ಇಲ್ಲಿ ದಕ್ಷತೆ. ಬ್ಯಾಟರಿಯಿಂದ ಸಾಧನವು ಪಡೆದ ವಿದ್ಯುತ್ಸಾಮರ್ಥ್ಯದಲ್ಲಿ ಎಷ್ಟು ಪಾಲು ತರಂಗವಾಯಿತೆಂಬುದನ್ನು ಅದು ಹೇಳುವುದೇ ಹೊರತು, ಸಂಕೇತವು ಎಷ್ಟು ಮಡಿ ಬೆಳೆಯಿತೆಂಬುದನ್ನಲ್ಲ. ಆದರೆ ದೃಷ್ಟಾಂತವು ಸರ್ವಾಂಶದಲ್ಲಿ ಹೊಂದದು. ಇಂಗಿದ ನೀರು ಕಾಲುವೆಯನ್ನು ಕೆಡಿಸುವುದಿಲ್ಲ. ಇಲ್ಲಿ ಕಳೆದುಹೋದುದು ಆ ಸಾಧನದೊಳಗೇ ತಾಪವಾಗಿ ನಿಂತು, ಅದನ್ನೇ ಸುಡುತ್ತದೆ. 10 ವಾಟ್ ತರಂಗವನ್ನು ಪಡೆಯಬೇಕೆನ್ನೋಣ. ದಕ್ಷತೆ ನೂರಕ್ಕೆ 20 ಆದರೆ 50 ವಾಟ್ ಕೊಡಬೇಕು, 40 ತಾಪವಾಗುವುದು. ನೂರಕ್ಕೆ 60 ಆದರೆ ಕೊಡಬೇಕಾದುದು ಸುಮಾರು 16.7, ತಾಪವು 6.7 ಮಾತ್ರ. ದಕ್ಷತೆ ಮೂರು ಮಡಿಯಾದರೆ ತಾಪವು ಆರನೆಯ ಒಂದು ಪಾಲಿಗೆ ಇಳಿಯಿತು! ಯಂತ್ರಜ್ಞರು ಈ ಪದಕ್ಕಾಗಿ ಇಷ್ಟು ಹೆಣಗುವುದೇಕೆಂಬುದು ಇಷ್ಟರಿಂದಲೇ ವ್ಯಕ್ತವಾಗುವುದು.

ಇನ್ನು ವೃದ್ಧಿಯ ಮಾತು. ಒಂದು ಸಾಧನವು 0.1 ವಾಟ್ ಸಂಕೇತವನ್ನು 10 ವಾಟ್ ಮಾಡಿ, ಅದಕ್ಕಾಗಿ 50 ವಾಟ್ ಸೇವಿಸುವುದು. ಇನ್ನೊಂದು 1 ವಾಟನ್ನು 10 ಮಾಡಿ, 15 ಸೇವಿಸುವುದು. ಮೊದಲನೆಯದರ ವೃದ್ಧಿ ನೂರ್ಮಡಿ, ಎರಡನೆಯದರದು ಹತ್ತು ಮಡಿ. ಆದರೆ ದಕ್ಷವಾದುದು ಎರಡನೆಯದೇ. ಇಲ್ಲಿಯೂ ಒಂದು ಸೂಕ್ಷ್ಮವುಂಟು. 15ರಲ್ಲಿ 10 ಎಂದೆಣಿಸಿದರೆ ನೂರಕ್ಕೆ ಸುಮಾರು 67. ಒಳಹೊಕ್ಕ 1 ವಾಟನ್ನು ಕಳೆದು, ಸಾಧನವು ತಾನಾಗಿ ಕೂಡಿಸಿದ 9ನ್ನು ಮಾತ್ರ ಎಣಿಸಿದರೆ 60. ಇವೆರಡಕ್ಕೂ ಬೇರೆಬೇರೆ ಹೆಸರುಗಳಿವೆ. ಕನ್ನಡದಲ್ಲಿ ಮೊದಲನೆಯದನ್ನು ಡ್ರೈನ್ ದಕ್ಷತೆಯೆಂದೂ, ಎರಡನೆಯದನ್ನು ಸಂಕಲಿತ ದಕ್ಷತೆಯೆಂದೂ ಕರೆಯಬಹುದೆಂದು ನನ್ನ ಮತ.

ಇಲ್ಲೊಂದು ಶಂಕೆ ಏಳುವುದು: ಅಡಿಗೆಮನೆಯ ಮೈಕ್ರೋವೇವ್ ಒಲೆಯಲ್ಲಿರುವ ಮ್ಯಾಗ್ನೆಟ್ರಾನ್ ಎಂಬ ನಿರ್ವಾತನಾಳವು ನೂರಕ್ಕೆ ಸುಮಾರು 70ರ ದಕ್ಷತೆಯನ್ನು ಸುಲಭವಾಗಿ ಕೊಡುತ್ತಿರಲು, ಅರೆವಾಹಕವು ಹಿಂದೆ ಬಿದ್ದುದೇಕೆ? ಸಮಾಧಾನವಿದು. ಸೆಕೆಂಡಿಗೆ ಸಾವಿರ ಕೋಟಿ ಸಲ ಆಂದೋಲಿಸುವ ತರಂಗದ ಒಂದು ಆವರ್ತಕ್ಕೆ ದೊರೆಯುವ ಕಾಲವು ಸೆಕೆಂಡಿನ ಸಾವಿರ ಕೋಟಿಯಲ್ಲೊಂದು ಪಾಲು. ಸಿಲಿಕಾನಿನಲ್ಲಿ ಇಲೆಕ್ಟ್ರಾನು ಎಷ್ಟು ಎಳೆದರೂ ಸೆಕೆಂಡಿಗೆ ಸುಮಾರು 100 ಕಿಲೋಮೀಟರಿಗಿಂತ ವೇಗವಾಗಿ ಓಡಲೊಲ್ಲದು. ಆದಕಾರಣ ಆ ಕಾಲದಲ್ಲಿ ಅದು ಸಾಗುವ ದೂರವು ಮಿಲಿಮೀಟರಿನ ನೂರನೆಯ ಒಂದು ಪಾಲು, ಅಂದರೆ ಕೂದಲೆಳೆಯ ದಪ್ಪಕ್ಕಿಂತ ಬಹಳ ಕಡಿಮೆ. ಸಾಧನವು ಅದಕ್ಕಿಂತಲೂ ತೆಳುವಾಗಿರಬೇಕು. ತೆಳುವಾದುದು ಹೆಚ್ಚು ವೋಲ್ಟನ್ನು ತಾಳದು. ಶೀಘ್ರತೆಯನ್ನು ಬಯಸಿದರೆ ಸಾಮರ್ಥ್ಯವು ಹೋಗುವುದು. ಹೀಗೆ ‘ದಕ್ಷ’ ಧಾತುವಿನ ಎರಡನೆಯ ಅರ್ಥವೂ ನಮ್ಮ ಪದಕ್ಕೆ ಪ್ರತಿಕೂಲವೇ ಆಯಿತು.

1962ರಲ್ಲಿ ಗನ್ ಎಂಬವರು ಗ್ಯಾಲಿಯಂ ಆರ್ಸೆನೈಡಿನ ತುಣುಕಿನಲ್ಲಿ ಕಂಡ ಆಂದೋಲನಗಳಿಂದ ಹುಟ್ಟಿದ ಡಯೋಡು ನೂರಕ್ಕೆ ಕೆಲವೇ ಪಾಲಿನ ದಕ್ಷತೆಯುಳ್ಳದ್ದು. ರೀಡ್ ಎಂಬವರು 1958ರಲ್ಲಿ ಊಹಿಸಿದ ಇಂಪ್ಯಾಟ್ ಡಯೋಡು ಅದಕ್ಕಿಂತ ಮೇಲಾದರೂ ಗದ್ದಲ ಹೆಚ್ಚು. ಈಗ ಸ್ಥಿತಿಯನ್ನು ಬದಲಿಸಿರುವುದು ಗ್ಯಾಲಿಯಂ ನೈಟ್ರೈಡ್. ಅದು ಸಿಲಿಕಾನಿಗಿಂತ ಸುಮಾರು ಹತ್ತು ಮಡಿ ಪ್ರಬಲವಾದ ವಿದ್ಯುತ್‌ಕ್ಷೇತ್ರವನ್ನು ಸಹಿಸುವುದರಿಂದ ತೆಳುವಾಗಿದ್ದೂ ವೋಲ್ಟನ್ನು ತಾಳಬಲ್ಲದು; ಕೆಳಗಣ ಆವರ್ತನಗಳಲ್ಲಿ ಅದರ ಟ್ರಾನ್ಸಿಸ್ಟರುಗಳು ನೂರಕ್ಕೆ 60ನ್ನು ಮೀರುತ್ತವೆ. ಮ್ಯಾಗ್ನೆಟ್ರಾನಿಗೆ ಸಾವಿರಾರು ವೋಲ್ಟು ಬೇಕು, ಇದಕ್ಕೆ 50ರ ಆಸುಪಾಸು ಸಾಕು.

ನಮ್ಮ ನಾಡಿಗೆ ಈ ವಿದ್ಯೆಯು ಹೊಸತಲ್ಲ. ರಾಜೇಶ್ವರಿ ಚಟರ್ಜಿಯವರು 1953ರಲ್ಲಿ ಮಿಚಿಗನ್ನಿನಿಂದ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಪತಿ ಶಿಶಿರಕುಮಾರ ಚಟರ್ಜಿಯವರೊಡನೆ ಸೂಕ್ಷ್ಮತರಂಗ ಸಂಶೋಧನೆಯನ್ನು ಅಲ್ಲಿ ನೆಲೆಗೊಳಿಸಿದರು. ಗ್ಯಾಲಿಯಂ ನೈಟ್ರೈಡಿನ ಸಾಧನಗಳ ಮೇಲಣ ಕೆಲಸವೂ ಅದೇ ಸಂಸ್ಥೆಯಲ್ಲಿ ನಡೆದಿದೆ. ಅಲ್ಲಿಯ ವಿಚಾರಗಳು ಕನ್ನಡಕ್ಕೆ ಬರುವಾಗ ಪದಗಳು ರೂಢಿಯಿಂದಲೇ ಅರ್ಥವನ್ನು ಪಡೆಯಬೇಕು. ಯೋಗಾರ್ಥವನ್ನು ಹಿಡಿದು ಹೊರಟರೆ ನನಗಾದ ಗತಿಯೇ ಆಗುವುದು. ‘ವೃದ್ಧಿ’ಯನ್ನು ಸಂಕೇತದ ಬೆಳವಣಿಗೆಗೆ ಮೀಸಲಿಟ್ಟು, ‘ದಕ್ಷತೆ’ಯನ್ನು ಪ್ರಮಾಣಕ್ಕೆ ಮಾತ್ರ ಬಳಸತಕ್ಕದ್ದು. ಆ ಹುಡುಗನ ಹಾಳೆಗಳಲ್ಲಿ ಇವೆರಡೂ ಬೆರೆತಿದ್ದ ಎಡೆಗಳನ್ನು ತಿದ್ದಿ ಹಿಂದಿರುಗಿಸಿದ್ದೇನೆ.