ಹಗುರ ವಿಮಾನದ ಬ್ರೇಕ್ ಕೊಳವೆ: ಹಿಡಿತವೂ ಸಡಿಲವೂ

1987ರಲ್ಲಿ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ, ಅಂದರೆ ಇಂದಿನ ಎನ್‌ಎಎಲ್, ಹಾರಿಸಿದ ಎಲ್‌ಸಿಆರ್‌ಎ ಎಂಬ ಎರಡು ಆಸನಗಳ ಸಂಶೋಧನಾ ವಿಮಾನದ ಮೂಲ ವಿನ್ಯಾಸ ಯಾವ ದೊಡ್ಡ ಕಾರ್ಖಾನೆಯದೂ ಆಗಿರಲಿಲ್ಲ. ಅದು ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್ ಅವರು, ಹವ್ಯಾಸಿಗಳು ಮನೆಯ ಶೆಡ್ಡಿನಲ್ಲಿಯೇ ಕಟ್ಟಿಕೊಳ್ಳಲೆಂದು ರೂಪಿಸಿ, ನಕ್ಷೆಗಳಾಗಿ ಮಾರುತ್ತಿದ್ದ ಲಾಂಗ್-ಈಝೀ ಎಂಬ ವಿಮಾನದ ವಿನ್ಯಾಸವಾಗಿತ್ತು. ಮುಂಭಾಗದಲ್ಲಿ ಕನಾರ್ಡ್ ಎನ್ನುವ ಚಿಕ್ಕ ರೆಕ್ಕೆ, ಬೆನ್ನ ಹಿಂದೆ ಎಂಜಿನ್ನು, ಫೋಮಿನ ತಿರುಳಿನ ಮೇಲೆ ಗಾಜಿನ ನಾರು ಮತ್ತು ಎಪಾಕ್ಸಿ ರಾಳದ ಪದರಗಳನ್ನು ಹೊದಿಸಿ ಮಾಡಿದ ಮೈ, ಇವು ಅದರ ಲಕ್ಷಣಗಳು. ಲೋಹದ ಬದಲು ಇಂಥ ಸಂಯುಕ್ತ ವಸ್ತುಗಳಲ್ಲಿ ವಿಮಾನ ಕಟ್ಟುವ ಅನುಭವವನ್ನು ಪಡೆಯುವುದಕ್ಕಾಗಿಯೇ ಪ್ರಯೋಗಾಲಯವು ಅದನ್ನು ಆರಿಸಿಕೊಂಡಿತ್ತು; ಅದೇ ಸಂಸ್ಥೆಯಲ್ಲಿ 1993ರ ನವೆಂಬರಿನಲ್ಲಿ ಮೊದಲ ಬಾರಿಗೆ ಹಾರಿ, ಮುಂದೆ ಹನ್ಸ-3 ಎಂಬ ರೂಪದಲ್ಲಿ 2000ದಲ್ಲಿ ಪ್ರಮಾಣಪತ್ರ ಪಡೆದ ತರಬೇತಿ ವಿಮಾನವೂ ಸಂಯುಕ್ತ ವಸ್ತುಗಳದ್ದೇ ಆಗಿದೆ.

ಲಾಂಗ್-ಈಝೀ ಮಾದರಿಯ ವಿಮಾನಗಳ ರೆಕ್ಕೆಯ ಬಗ್ಗೆಯೂ ರಾಳದ ಬಗ್ಗೆಯೂ ಸಾಕಷ್ಟು ಬರೆಯಲಾಗಿದೆಯಾದರೂ, ಅವುಗಳನ್ನು ಕಟ್ಟುವವರಿಗೆ ಕೊನೆಯ ಘಟ್ಟದಲ್ಲಿ ಎದುರಾಗುವ, ನೋಡುವುದಕ್ಕೆ ಕ್ಷುಲ್ಲಕವೆನಿಸುವ ಒಂದು ಕೆಲಸದ ಮೇಲೆ ನೆಲದ ಮೇಲಿನ ಸುರಕ್ಷತೆ ಬಹುಮಟ್ಟಿಗೆ ನಿಂತಿದೆ. ಪೈಲಟ್‌ನ ಪಾದದಿಂದ ಚಕ್ರದವರೆಗೆ ಹೋಗುವ ಬ್ರೇಕ್ ಕೊಳವೆಯನ್ನು ವಿಮಾನದ ಮೈಗೆ ಭದ್ರಪಡಿಸುವುದೇ ಆ ಕೆಲಸ. ಈ ವಿಮಾನದ ಮೂತಿಯ ಚಕ್ರಕ್ಕೆ ಸ್ಟಿಯರಿಂಗ್ ಎಂಬುದಿಲ್ಲ. ಅದು ಎಳೆದತ್ತ ಹೊರಳುವ ಸ್ವತಂತ್ರ ಚಕ್ರವಾದ್ದರಿಂದ, ನಿಧಾನವಾಗಿ ಚಲಿಸುವಾಗ ಎಡಕ್ಕೆ ತಿರುಗಬೇಕಾದರೆ ಎಡಗಡೆಯ ಚಕ್ರಕ್ಕೆ ಮಾತ್ರ, ಬಲಕ್ಕೆ ತಿರುಗಬೇಕಾದರೆ ಬಲಗಡೆಯದಕ್ಕೆ ಮಾತ್ರ ಬ್ರೇಕ್ ಹಾಕಬೇಕಾಗುತ್ತದೆ. ಪೆಡಲನ್ನು ಒತ್ತಿದಾಗ ಮೊದಲು ರೆಕ್ಕೆಯ ತುದಿಯಲ್ಲಿರುವ ಚುಕ್ಕಾಣಿ ಹೊರಳುತ್ತದೆ, ಇನ್ನಷ್ಟು ಒತ್ತಿದಾಗ ಬ್ರೇಕ್ ಹಿಡಿಯುತ್ತದೆ. ವೇಗವಿರುವಾಗ ಗಾಳಿಯ ಒತ್ತಡದಿಂದ ಚುಕ್ಕಾಣಿಯೇ ವಿಮಾನವನ್ನು ನೇರವಾಗಿಡುತ್ತದೆಯಾದರೂ ವೇಗ ತಗ್ಗಿದಂತೆ ಆ ಹಿಡಿತ ಕರಗಿಹೋಗಿ ಬ್ರೇಕ್ ಒಂದೇ ಉಳಿಯುತ್ತದೆ. ಹೀಗಾಗಿ ಒಂದು ಬದಿಯ ಕೊಳವೆ ಸೋರಿದರೆ ವಿಮಾನವು ನಿಲ್ಲಲಾರದೆಂಬುದಷ್ಟೇ ಅಲ್ಲ, ಆ ಬದಿಗೆ ತಿರುಗಲೂ ಆರದು. ಉಳಿದ ಒಂದೇ ಬ್ರೇಕನ್ನು ಗಾಬರಿಯಿಂದ ಒತ್ತಿದರೆ ವಿಮಾನ ಆ ಮಗ್ಗುಲಿಗೇ ತಿರುಗಿ ರನ್‌ವೇ ಬಿಟ್ಟು ಹೊರಗೋಡುತ್ತದೆ.

ವ್ಯವಸ್ಥೆಯ ತತ್ವ ಡಿಸ್ಕ್ ಬ್ರೇಕಿನ ಮೋಟಾರ್‌ಬೈಕು ಓಡಿಸುವ ಯಾರಿಗಾದರೂ ಪರಿಚಿತವಾದದ್ದೇ. ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರ್ ಎಂಬ ಸಣ್ಣ ಪಂಪು ಎಣ್ಣೆಯನ್ನು ಒತ್ತುತ್ತದೆ. ದ್ರವವು ಕುಗ್ಗದ ಕಾರಣ ಆ ಒತ್ತಡ ಕೊಳವೆಯ ಉದ್ದಕ್ಕೂ ಸಾಗಿ ಚಕ್ರದ ಬಳಿಯ ಕ್ಯಾಲಿಪರ್ ಎಂಬ ಹಿಡಿಕೆಯೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಘರ್ಷಣೆಯ ಪ್ಯಾಡುಗಳನ್ನು ತಿರುಗುವ ಉಕ್ಕಿನ ಡಿಸ್ಕಿಗೆ ಅದುಮುತ್ತದೆ. ಎಡಬಲಗಳಿಗೆ ಬೇರೆ ಬೇರೆ ಸಿಲಿಂಡರು, ಬೇರೆ ಬೇರೆ ಕೊಳವೆ ಇರುತ್ತವೆ ಎಂಬುದೊಂದು ವ್ಯತ್ಯಾಸ. ಇಷ್ಟು ಸಾಮ್ಯವಿರುವುದರಿಂದಲೇ ಹೊಸಬರು ರಸ್ತೆಯ ವಾಹನಗಳ ಸಾಮಾನುಗಳನ್ನು ವಿಮಾನಕ್ಕೂ ಬಳಸಬಹುದೆಂದು ಭಾವಿಸುವುದುಂಟು, ತೊಂದರೆ ಶುರುವಾಗುವುದೂ ಅಲ್ಲಿಯೇ. ಕಾರು, ಬೈಕುಗಳ ಬ್ರೇಕಿಗೆ ಹಾಕುವ ದ್ರವ ಸಾಮಾನ್ಯವಾಗಿ ಗ್ಲೈಕಾಲ್ ಆಧಾರಿತವಾದದ್ದು. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಬಳಸುವುದು ಮಿಲ್-ಎಚ್-5606 ಎಂಬ ಗುರುತಿನ ಕೆಂಪು ಬಣ್ಣದ ಖನಿಜ ತೈಲ. ಒಂದಕ್ಕೆಂದು ಮಾಡಿದ ರಬ್ಬರ್ ಉಂಗುರಗಳು ಇನ್ನೊಂದರಲ್ಲಿ ಉಬ್ಬಿ ಮೆತ್ತಗಾಗುವುದರಿಂದ ಇವೆರಡನ್ನು ಎಂದೂ ಬೆರೆಸುವಂತಿಲ್ಲ.

ಕೊಳವೆಯ ತುದಿಯ ವಿಷಯದಲ್ಲಿಯೂ ಇಂಥದೇ ಎಡವಟ್ಟು ಕಾದಿರುತ್ತದೆ. ಲೋಹದ ಕೊಳವೆಯನ್ನು ಇನ್ನೊಂದಕ್ಕೆ ಸೇರಿಸುವಾಗ ಅದರ ಬಾಯಿಯನ್ನು ತುತ್ತೂರಿಯ ಬಾಯಿಯಂತೆ ಅರಳಿಸಿ, ಆ ಅರಳನ್ನು ನಟ್ಟಿನಿಂದ ಶಂಕುವಿನಾಕಾರದ ಮೂತಿಯ ಮೇಲೆ ಬಿಗಿಯಲಾಗುತ್ತದೆ. ಇದಕ್ಕೆ ಫ್ಲೇರ್ ಎಂದು ಹೆಸರು. ಮೋಟಾರು ಗ್ಯಾರೇಜಿನ ಉಪಕರಣ ಮಾಡುವ ಫ್ಲೇರಿನ ಕೋನ 45 ಡಿಗ್ರಿ, ವಿಮಾನದ ಜೋಡಣೆಗಳದ್ದು 37 ಡಿಗ್ರಿ. ಈ 8 ಡಿಗ್ರಿ ಅಂತರ ಕಣ್ಣಿಗೆ ಕಾಣಿಸದು, ನಟ್ಟು ಕೂಡ ಸರಾಗವಾಗಿ ಕೂರುತ್ತದೆ. ಆದರೆ ಲೋಹವು ಇಡೀ ಮೈಯಿಂದ ಅಂಟಿಕೊಳ್ಳುವ ಬದಲು ಒಂದು ತೆಳುಗೆರೆಯಲ್ಲಿ ಮಾತ್ರ ತಾಕುವುದರಿಂದ, ಸೋರಿಕೆಯನ್ನು ನಿಲ್ಲಿಸಲೆಂದು ಇನ್ನಷ್ಟು ಬಿಗಿದಾಗ ಅರಳಿದ ಅಂಚಿನಲ್ಲೇ ಬಿರುಕು ಬಿಡುತ್ತದೆ.

ಇನ್ನು ಕೊಳವೆಯನ್ನು ಹಿಡಿದಿಡುವ ಮಾತು. ನಾಲ್ಕು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 2,700 ಸುತ್ತು ತಿರುಗುವಾಗ ಪ್ರತಿ ಸೆಕೆಂಡಿಗೆ 90 ಸಲ ಸ್ಫೋಟಿಸುತ್ತದೆ, ಅಂದರೆ ಒಂದು ಗಂಟೆಯ ಹಾರಾಟದಲ್ಲಿ ವಿಮಾನದ ಮೈ 3 ಲಕ್ಷ 24 ಸಾವಿರ ಬಡಿತಗಳನ್ನು ತಿನ್ನುತ್ತದೆ. ಆಧಾರವಿಲ್ಲದ ಕೊಳವೆ ಈ ಬಡಿತಕ್ಕೆ ತಂತಿಯಂತೆ ಮಿಡಿಯುತ್ತದೆ. ಪದೇ ಪದೇ ಬಾಗಿದ ಲೋಹ ದಣಿದು ಕೊನೆಗೆ ಸೀಳುತ್ತದೆ. ಒತ್ತಡ ಒಂದು ಮಿತಿಯೊಳಗಿದ್ದರೆ ಉಕ್ಕು ಎಷ್ಟು ಸಲ ಬಾಗಿದರೂ ತಾಳಿಕೊಳ್ಳಬಲ್ಲದು, ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯೇ ಇಲ್ಲ. ಆದ್ದರಿಂದ ಆಧಾರಗಳ ನಡುವಿನ ಅಂತರವನ್ನು ಅಂದಾಜಿಗೆ ಬಿಡದೆ ನಿಗದಿಪಡಿಸಲಾಗಿದೆ. ಅಮೆರಿಕದ ವಿಮಾನಯಾನ ಆಡಳಿತವು 1998ರಲ್ಲಿ ಪರಿಷ್ಕರಿಸಿ ಹೊರತಂದ, ಜಗತ್ತಿನೆಲ್ಲೆಡೆ ಹವ್ಯಾಸಿ ನಿರ್ಮಾತೃಗಳು ಬಳಸುವ ದುರಸ್ತಿ ಕೈಪಿಡಿಯ ಪ್ರಕಾರ, ಕಾಲು ಅಂಗುಲ ವ್ಯಾಸದ ಅಲ್ಯೂಮಿನಿಯಂ ಕೊಳವೆಗೆ ಹೆಚ್ಚೆಂದರೆ ಹದಿಮೂರೂವರೆ ಅಂಗುಲಕ್ಕೊಂದು, ಅಂದರೆ ಸುಮಾರು 34 ಸೆಂಟಿಮೀಟರಿಗೊಂದು ಆಧಾರ ಬೇಕು. ಅದೇ ಅಳತೆಯ ಉಕ್ಕಿನ ಕೊಳವೆಗೆ 16 ಅಂಗುಲಕ್ಕೊಂದಾದರೂ ಸಾಕು. ಬಾಗುವ ರಬ್ಬರ್ ಅಥವಾ ಹೆಣೆದ ಉಕ್ಕಿನ ಹೊದಿಕೆಯ ಹೋಸ್‌ಗೆ 24 ಅಂಗುಲದವರೆಗೆ ಅವಕಾಶವಿದೆ.

ಆಧಾರವೆಂದರೆ ಬಹುಪಾಲು ಕಡೆ ರಬ್ಬರ್ ಮೆತ್ತೆಯಿರುವ ಲೋಹದ ಪಟ್ಟಿಯ ಕ್ಲಾಂಪು. ಪಟ್ಟಿ ಕೊಳವೆಯನ್ನು ಸುತ್ತಿಕೊಂಡು, ಎರಡು ಕಿವಿಗಳು ಒಂದೇ ಬೋಲ್ಟಿನಲ್ಲಿ ಸೇರುತ್ತವೆ; ಕೆಲಸಗಾರರು ಇದನ್ನು ಆಡೆಲ್ ಕ್ಲಾಂಪ್ ಎಂದೇ ಕರೆಯುತ್ತಾರೆ. ಇದರ ಅಳತೆ ಕೊಳವೆಗೆ ಕರಾರುವಾಕ್ಕಾಗಿ ಹೊಂದಬೇಕು: ಸಡಿಲವಾದರೆ ಕೊಳವೆ ಒಳಗೇ ಆಡುತ್ತ ಮೆತ್ತೆಯನ್ನು ಸವೆಸುತ್ತದೆ, ಬಿಗಿಯಾದರೆ ಕೊಳವೆಯೇ ಚಪ್ಪಟೆಯಾಗುತ್ತದೆ. ಹಣವೂ ಸಮಯವೂ ಉಳಿಯುತ್ತದೆಂದು ಅನೇಕರು ಇದರ ಬದಲಿಗೆ ನೈಲಾನಿನ ಕೇಬಲ್ ಟೈ ಬಿಗಿದುಬಿಡುತ್ತಾರೆ, ಆದರೆ ಮೃದುವಾದ ಅಲ್ಯೂಮಿನಿಯಂ ಕೊಳವೆಯ ಮಟ್ಟಿಗೆ ಇದಕ್ಕಿಂತ ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಟೈನ ಗಟ್ಟಿ ಅಂಚಿನಡಿ ಸಿಕ್ಕಿಬಿದ್ದ ರನ್‌ವೇ ಧೂಳು ಉಪ್ಪುಕಾಗದದಂತೆ ಕೆಲಸ ಮಾಡಿ ಕೊಳವೆಯ ಸುತ್ತ ಸಣ್ಣ ತೋಡನ್ನು ಕೊರೆಯುತ್ತದೆ. ಬಿಸಿಲಿಗೂ ಬಿಸಿಗೂ ಸಿಕ್ಕ ನೈಲಾನು ಪೆಡಸಾಗಿ ಒಂದು ದಿನ ತುಂಡಾಗುತ್ತದೆ. ವಿದ್ಯುತ್ ತಂತಿಗಳ ಕಟ್ಟಿಗೆ ಅದು ಸರಿ, ಒತ್ತಡದ ಕೊಳವೆಗೆ ಏಕೈಕ ಆಧಾರವಾಗಿ ಸಲ್ಲದು. ವಿದ್ಯುತ್ ತಂತಿಯನ್ನು ಎಣ್ಣೆಯ ಕೊಳವೆಗೇ ನೇತುಹಾಕುವ ರೂಢಿಯನ್ನಂತೂ ಖಡಾಖಂಡಿತವಾಗಿ ಬಿಡಬೇಕು. ಎರಡೂ ಜೊತೆಯಾಗಿ ಸಾಗುವಲ್ಲಿ ತಂತಿ ಮೇಲಿರಬೇಕು, ಕೊಳವೆ ಕೆಳಗಿರಬೇಕು, ಏಕೆಂದರೆ ಸೋರುವ ಎಣ್ಣೆ ಕೆಳಗೇ ತೊಟ್ಟಿಕ್ಕುತ್ತದೆ.

ಎಲ್‌ಸಿಆರ್‌ಎಯಂಥ ಫೋಮಿನ ವಿಮಾನದಲ್ಲಿ ಕ್ಲಾಂಪಿನ ಬೋಲ್ಟನ್ನು ಎಲ್ಲಿ ಕೂರಿಸುವುದು ಎಂಬುದೇ ಒಂದು ಸಮಸ್ಯೆ. ಲೋಹದ ವಿಮಾನದಲ್ಲಿ ಪಕ್ಕೆಲುಬಿಗೆ ತೂತು ಕೊರೆದು ಬೋಲ್ಟು ಹಾಕಿದರಾಯಿತು. ಇಲ್ಲಿ ಎರಡು ತೆಳು ಗಾಜಿನ ಪದರಗಳ ನಡುವೆ ಇರುವುದು ಬೆರಳಿನಿಂದ ಒತ್ತಿದರೆ ಕುಸಿಯುವ ಫೋಮು, ಬೋಲ್ಟು ಬಿಗಿದರೆ ಅದು ಜಜ್ಜಿಹೋಗಿ ಬಿಗಿತವೇ ನಿಲ್ಲುವುದಿಲ್ಲ. ಆದ್ದರಿಂದ ಆಧಾರ ಬೇಕಾದ ಕಡೆಯಲ್ಲೆಲ್ಲ ಮೊದಲೇ ಫೋಮನ್ನು ಕೆತ್ತಿ ತೆಗೆದು, ಪ್ಲೈವುಡ್ ಅಥವಾ ಅಲ್ಯೂಮಿನಿಯಮ್ಮಿನ ತುಂಡನ್ನು ರಾಳದಿಂದ ಕೂರಿಸಿ, ಅದರ ಮೇಲೆ ಪದರ ಹೊದಿಸಬೇಕಾಗುತ್ತದೆ. ಕೊಳವೆಯ ದಾರಿಯನ್ನು ಮೈ ಕಟ್ಟುವ ಹಂತದಲ್ಲೇ ತೀರ್ಮಾನಿಸಬೇಕೆಂದು ಅನುಭವಿಗಳು ಒತ್ತಿ ಹೇಳುವುದು ಈ ಕಾರಣಕ್ಕೆ.

ಹಿಡಿತದಷ್ಟೇ ಸಡಿಲವೂ ಅಗತ್ಯವೆಂಬುದು ಹೊಸಬರಿಗೆ ತಡವಾಗಿ ಹೊಳೆಯುವ ಸಂಗತಿ. ಎರಡು ಜೋಡಣೆಗಳ ನಡುವೆ ಲೋಹದ ಕೊಳವೆಯನ್ನು ಸೆಟೆದ ನೇರ ಗೆರೆಯಾಗಿ ಹಾಕಿದರೆ, ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಅದರ ಎಳೆತವೆಲ್ಲ ಫ್ಲೇರಿನ ಮೇಲೆ ಬೀಳುವುದರಿಂದ, ಎಲ್ಲಿಯಾದರೂ ಒಂದು ಬಾಗು ಇರಲೇಬೇಕು. ಹೋಸ್ ಒತ್ತಡಕ್ಕೆ ಸಿಕ್ಕಾಗ ಉದ್ದದಲ್ಲಿ ತುಸು ಬದಲಾಗುತ್ತದೆ. ಅದಕ್ಕಾಗಿ ಉದ್ದದ ಶೇಕಡಾ 5ರಿಂದ 8ರಷ್ಟು ಹೆಚ್ಚುವರಿ ಬಿಡುವುದು ವಾಡಿಕೆ. ಹೋಸ್‌ನ ಮೈಮೇಲೆ ಉದ್ದಕ್ಕೂ ಎಳೆದಿರುವ ಗೆರೆ ಅಲಂಕಾರಕ್ಕಲ್ಲ: ಆ ಗೆರೆ ಸುರುಳಿಯಾಗಿ ಕಂಡರೆ ಹೋಸ್ ತಿರುಚಿಕೊಂಡಿದೆ ಎಂದರ್ಥ, ಮತ್ತು ತಿರುಚಿದ ಹೋಸ್ ಪ್ರತಿ ಸಲ ಒತ್ತಡ ಬಿದ್ದಾಗಲೂ ತನ್ನನ್ನು ತಾನು ಬಿಡಿಸಿಕೊಳ್ಳುವ ಯತ್ನದಲ್ಲಿ ತುದಿಯ ನಟ್ಟನ್ನು ಸಡಿಲಿಸುತ್ತದೆ.

ಸಡಿಲಕ್ಕೂ ಹಿಡಿತಕ್ಕೂ ನಿಜವಾದ ಪರೀಕ್ಷೆ ನಡೆಯುವುದು ಚಕ್ರದ ಕಾಲಿನ ಮೇಲೆ. ಲಾಂಗ್-ಈಝೀಯ ಮುಖ್ಯ ಚಕ್ರಗಳ ಕಾಲು ಗಾಜಿನ ನಾರಿನ ಒಂದೇ ಕಮಾನು; ನೆಲ ತಾಕಿದಾಗ ಅದು ಅಗಲಿಸಿ ಬಾಗಿ ಮತ್ತೆ ಮೇಲೇಳುತ್ತದೆ. ಕೊಳವೆಯನ್ನು ಆ ಕಾಲಿನ ಹಿಂಬದಿಯ ಅಂಚಿಗೆ ಉದ್ದಕ್ಕೂ ಒತ್ತಿ ಕೂರಿಸಿ ಮೇಲೆ ತೆಳು ಪದರದಿಂದ ಮುಚ್ಚಿದರೆ ಅದು ಕಾಲಿನೊಂದಿಗೇ ಬಾಗುತ್ತದೆ, ಗಾಳಿಗೂ ಅಡ್ಡಬರುವುದಿಲ್ಲ. ಹೀಗೆ ಬಾಗಲೆಂದೇ ಅನೇಕ ನಿರ್ಮಾತೃಗಳು ಇಲ್ಲಿ ನೈಲಾನ್ ಕೊಳವೆಯನ್ನು ಬಳಸಿದರು, ಅದೊಂದು ಜಾಣ ಆಯ್ಕೆಯೂ ಹೌದು. ಆದರೆ ಅದೇ ಕೊಳವೆಯನ್ನು ಕ್ಯಾಲಿಪರಿನವರೆಗೂ ಒಯ್ದವರಿಗೆ ಬಿಸಿ ತೊಂದರೆ ಕೊಟ್ಟಿತು.

ಆ ಬಿಸಿಯ ಪ್ರಮಾಣವನ್ನು ಲೆಕ್ಕ ಹಾಕಿ ನೋಡಬಹುದು. 600 ಕಿಲೋ ತೂಕದ ವಿಮಾನ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿರುವ ಚಲನಶಕ್ತಿ ಸುಮಾರು 231 ಕಿಲೋಜೂಲ್. ಇದು ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ಏರಿಸುವಷ್ಟು ಶಾಖ. ಅದೆಲ್ಲವನ್ನೂ ಬ್ರೇಕಿನಿಂದಲೇ ಇಳಿಸಿದರೆ ಆ ಶಾಖ ಕೆಲವೇ ಸೆಕೆಂಡುಗಳಲ್ಲಿ ಅಂಗೈಯಗಲದ ಎರಡು ಡಿಸ್ಕುಗಳಿಗೆ ಸೇರುತ್ತದೆ. ವೇಗ ಅರ್ಧಕ್ಕಿಳಿಯುವವರೆಗೆ ಗಾಳಿಯೇ ತಡೆಯಲೆಂದು ಕಾದು ಬ್ರೇಕ್ ಒತ್ತಿದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ಪೈಲಟ್ಟುಗಳು ಬ್ರೇಕಿಗೆ ಆತುರಪಡದಿರುವುದರ ಹಿಂದಿನ ಗಣಿತ ಇದು. ವಿಚಿತ್ರವೆಂದರೆ ಕೊಳವೆ ಅತಿ ಹೆಚ್ಚು ಕಾಯುವುದು ಓಡುವಾಗಲ್ಲ, ನಿಂತ ಮೇಲೆ: ಡಿಸ್ಕಿನ ಬಿಸಿ ನಿಧಾನವಾಗಿ ಕ್ಯಾಲಿಪರಿಗೆ, ಅಲ್ಲಿಂದ ಕೊಳವೆಗೆ ಹರಿಯುತ್ತದೆ, ಚಕ್ರದ ಮೇಲೆ ಗಾಳಿ ಸೀಳುವ ಕವಚವಿದ್ದರೆ ಹೊರಗಿನ ತಂಪು ಒಳಹೋಗುವುದೂ ಇಲ್ಲ. ನೈಲಾನು ಮೆತ್ತಗಾಗಿ ಜೋಡಣೆಯಿಂದ ಕಳಚಿದರೆ, ಬೆಂಕಿ ಹಿಡಿಯಬಲ್ಲ ಆ ಕೆಂಪು ತೈಲ ಕಾದ ಡಿಸ್ಕಿನ ಮೇಲೆಯೇ ಚಿಮ್ಮುತ್ತದೆ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಎಪಾಕ್ಸಿಯೂ ನೀರು ಕುದಿಯುವ ಮಟ್ಟ ತಲುಪುವ ಮೊದಲೇ ಮೆದುವಾಗುವಂಥದ್ದಾದ್ದರಿಂದ ಕಾಲಿನ ಕಮಾನಿಗೂ ಅಪಾಯ ತಪ್ಪಿದ್ದಲ್ಲ. (ಈ ಮಾದರಿಯ ವಿಮಾನಗಳು ಬಹುಪಾಲು ಬಿಳಿ ಬಣ್ಣದವಾಗಿರುವುದೂ ಬಿಸಿಲಿನ ಕಾವಿಗೆ ಇದೇ ರಾಳ ಹೆದರುವುದರಿಂದ.) ಪರಿಹಾರವಾಗಿ ಕೊಳವೆಯ ಕೊನೆಯ ಗೇಣುದ್ದವನ್ನು ಲೋಹದ ಕೊಳವೆಯಾಗಿ ಅಥವಾ ಹೆಣೆದ ಸ್ಟೇನ್‌ಲೆಸ್ ಉಕ್ಕಿನ ಹೋಸ್ ಆಗಿ ಬದಲಿಸುವುದು, ಕಾಲಿಗೂ ಡಿಸ್ಕಿಗೂ ನಡುವೆ ಬಿಸಿತಡೆಯ ತಗಡು ಕೂರಿಸುವುದು ರೂಢಿಗೆ ಬಂದಿದೆ.

ಆ ಕೊನೆಯ ಗೇಣಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ಯಾಡುಗಳು ಸವೆದಂತೆ ಕ್ಯಾಲಿಪರು ತನ್ನ ಎರಡು ಪಿನ್ನುಗಳ ಮೇಲೆ ಸ್ವಲ್ಪ ಸ್ವಲ್ಪವೇ ಸರಿಯುವ ರಚನೆ ಇದಾದ್ದರಿಂದ, ಕೊಳವೆ ಅದನ್ನು ತಡೆದು ಹಿಡಿದರೆ ಒಂದು ಪ್ಯಾಡು ಮಾತ್ರ ಸವೆಯುತ್ತದೆ, ಬ್ರೇಕು ಸದಾ ಉಜ್ಜುತ್ತ ಬಿಸಿಯಾಗುತ್ತದೆ. ಹಾಗೆಂದು ಬಳುಕುವಷ್ಟು ಸಡಿಲ ಬಿಟ್ಟರೆ ಕೊಳವೆ ತಿರುಗುವ ಟೈರಿಗೆ ತಾಗುತ್ತದೆ. ನೆಲದ ಮೇಲೆ ವಿಮಾನದ ಭಾರ ಬಿದ್ದಿರುವಾಗ ಸರಿಯಾಗಿ ಕಂಡ ಅಂತರ, ಹಾರಾಟದಲ್ಲಿ ಕಾಲು ಇಳಿಬಿದ್ದಾಗ ಬೇರೆಯೇ ಆಗುವುದರಿಂದ, ವಿಮಾನವನ್ನು ಜಾಕ್ ಮೇಲೆ ಎತ್ತಿಯೂ ಇಳಿಸಿಯೂ ಎರಡು ಸ್ಥಿತಿಗಳಲ್ಲಿ ಪರೀಕ್ಷಿಸಬೇಕಾಗುತ್ತದೆ.

ಕೊಳವೆಯ ದಾರಿಯನ್ನು ತನ್ನಿಷ್ಟದಂತೆ ಬದಲಿಸುವ ಸ್ವಾತಂತ್ರ್ಯ ಮನೆಯಲ್ಲಿ ವಿಮಾನ ಕಟ್ಟುವವನಿಗಿದೆ, ಅದರ ಬೆಲೆಯೂ ದೊಡ್ಡದು. 1997ರ ಅಕ್ಟೋಬರಿನಲ್ಲಿ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ಸಾವಿಗೀಡಾದದ್ದು ಇನ್ನೊಬ್ಬರು ಕಟ್ಟಿದ್ದ ಲಾಂಗ್-ಈಝೀ ವಿಮಾನದಲ್ಲಿಯೇ. ಅದನ್ನು ಕಟ್ಟಿದವರು ಪೆಟ್ರೋಲಿನ ಟ್ಯಾಂಕು ಬದಲಿಸುವ ಕವಾಟವನ್ನು ನಕ್ಷೆಯಲ್ಲಿದ್ದ ಜಾಗದಿಂದ ತೆಗೆದು ಪೈಲಟ್ಟಿನ ಎಡಭುಜದ ಹಿಂದಕ್ಕೆ ಒಯ್ದಿದ್ದರು. ಹಾರುತ್ತಲೇ ಹಿಂದಕ್ಕೆ ತಿರುಗಿ ಅದನ್ನು ತಿರುಗಿಸಬೇಕಾದ ಆ ಏರ್ಪಾಡು ಅಪಘಾತಕ್ಕೆ ಕಾರಣವಾದ ಅಂಶಗಳಲ್ಲೊಂದೆಂದು ತನಿಖಾ ಮಂಡಳಿ ಹೇಳಿತು. ಬ್ರೇಕಿಗೂ ಆ ದುರಂತಕ್ಕೂ ಸಂಬಂಧವಿಲ್ಲವಾದರೂ, ಕೊಳವೆಗಳ ದಾರಿ ಬದಲಿಸುವುದು ಕೇವಲ ಅನುಕೂಲದ ಪ್ರಶ್ನೆಯಲ್ಲವೆಂಬುದಕ್ಕೆ ಅದನ್ನು ಇಂದಿಗೂ ಉದಾಹರಿಸಲಾಗುತ್ತದೆ.

ಎಲ್ಲ ಜೋಡಣೆ ಮುಗಿದ ಮೇಲೆ ಎಣ್ಣೆಯನ್ನು ಮೇಲಿನಿಂದ ಸುರಿಯದೆ ಕ್ಯಾಲಿಪರಿನ ಕೆಳಬಾಯಿಯಿಂದ ಕೈಪಂಪಿನಲ್ಲಿ ಮೇಲಕ್ಕೆ ತಳ್ಳುವುದು ಉತ್ತಮ ಕ್ರಮ, ಏಕೆಂದರೆ ಗಾಳಿಗುಳ್ಳೆಗಳು ತಾವಾಗಿಯೇ ಏರುವ ದಿಕ್ಕು ಅದು. ಒಂದೇ ಗುಳ್ಳೆ ಉಳಿದರೂ ಪೆಡಲು ಸ್ಪಂಜಿನಂತೆ ಕುಸಿಯುತ್ತದೆ. ನಂತರ ಪೆಡಲನ್ನು ಪೂರ್ಣ ಬಲದಿಂದ ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ಪ್ರತಿ ಜೋಡಣೆಯನ್ನೂ ಬಿಳಿ ಕಾಗದದಿಂದ ಒರೆಸಿ ನೋಡಿದರೆ ಕೆಂಪು ತೈಲದ ಸಣ್ಣ ಪಸೆಯೂ ಬಯಲಾಗುತ್ತದೆ. ಬಿಗಿದ ನಟ್ಟುಗಳ ಮೇಲೆ ಗುರುತಿನ ಬಣ್ಣದ ಗೆರೆ ಎಳೆಯಬೇಕು, ಕ್ಯಾಲಿಪರಿನ ಬೋಲ್ಟುಗಳಿಗೆ ಸೇಫ್ಟಿ ವೈರ್ ಹೆಣೆಯಬೇಕು. ಮೊದಲ ಕೆಲವು ಹಾರಾಟಗಳ ನಂತರ ಚಕ್ರದ ಕವಚ ಬಿಚ್ಚಿ ಆ ಗೆರೆಗಳು ಮುರಿದಿವೆಯೇ ಎಂದು ನೋಡಬೇಕು; ಆಮೇಲೆ ಪ್ರತಿ ವಾರ್ಷಿಕ ತಪಾಸಣೆಯಲ್ಲಿಯೂ ಕ್ಲಾಂಪುಗಳನ್ನು ಹೊರಗಿನಿಂದ ನೋಡಿ ಬಿಡದೆ ಬಿಚ್ಚಿ ಮೆತ್ತೆಯಡಿಯ ಲೋಹವನ್ನು ಪರೀಕ್ಷಿಸಬೇಕು, ಏಕೆಂದರೆ ಸವೆತ ಆರಂಭವಾಗುವುದು ಕಣ್ಣಿಗೆ ಕಾಣದ ಆ ಮಗ್ಗುಲಿನಲ್ಲಿ.